ಬಾಣ ಹೋಗುವಷ್ಟು ದೂರ

ದುಧನಿ ಟೇಸನ್ ರಸ್ತೆಯಲ್ಲಿ ನನ್ನ ಅಂಗಡಿ
ಎಂಟಡಿ ಅಗಲ, ಅದರಲ್ಲಿ ಮೂರಡಿ ಮೇಜು.
ಮೇಜಿನ ಮೇಲೆ ಲ್ಯಾಪ್‌ಟಾಪು, ಪ್ರಿಂಟರು,
ಬೆರಳಚ್ಚಿನ ಯಂತ್ರ, ಯಾರೋ ಮರೆತ ಚಾಳೀಸು.
ಉತಾರೆ ಬೇಕಾದವರು ನನ್ನ ಹೆಗಲ ಮೇಲೆ
ಗದ್ದ ಊರಿ ನೋಡುತ್ತಿದ್ದರು:
ತೊಗರಿ ಹೊಟ್ಟಿನ ವಾಸನೆ, ತಂಬಾಕಿನ ಉಸಿರು.

ಹೀಗಾಗಿ ಕೊಂಡೆ ಎರಡನೆಯ ಪರದೆ.
ಸೊಲ್ಲಾಪುರದಲ್ಲಿ ಬಾಗಿಲು ಹಾಕಿದ ಟವೆಲ್ ಕಾರ್ಖಾನೆಯದು,
ಏಳುನೂರು ರೂಪಾಯಿ. ಬೆನ್ನ ಮೇಲೆ ಇನ್ನೂ
ಮರಾಠಿ ಚೀಟಿ: ‘ಹಜೇರಿ ವಿಭಾಗ, ಮುಟ್ಟಬೇಡಿ.’

ಮೊದಲ ದಿನ ಬಾಣ ಹಾದಿ ತಪ್ಪಿತು.
ಪರದೆ ಇರುವುದು ಬಲಕ್ಕೆ, ಯಂತ್ರ ತಿಳಿದದ್ದು ಎಡಕ್ಕೆ.
ಎಡದ ಗೋಡೆಯೊಳಗೆ ಹೊಕ್ಕದ್ದು
ಬಲದ ಕೊನೆಯಿಂದ ಬಂತು,
ಬೀಗರ ಮನೆಯ ಹಿತ್ತಿಲಿಂದ ನುಗ್ಗಿದ ಅಳಿಯನ ಹಾಗೆ.
ಸೆಟ್ಟಿಂಗಿನಲ್ಲಿ ಒಂದು, ಎರಡು ಎಂದು ಬರೆದ ಚೌಕಗಳನ್ನು
ಹಿಡಿದು ಜಗ್ಗಿ ಪಕ್ಕಕ್ಕೆ ಪಕ್ಕ ಕೂಡಿಸಿದೆ.
ಆದರೂ ಕೆಳಗೆ ಎರಡು ಬೆರಳು ಏರುಪೇರು:
ಅಲ್ಲಿ ಬಾಣ ಹೊಸ್ತಿಲು ಎಡವುತ್ತದೆ,
ಸ್ವಲ್ಪ ಮೇಲೇರಿ ಆಮೇಲೆ ದಾಟುತ್ತದೆ.
ಇರಲಿ ಎಂದು ಬಿಟ್ಟೆ. ಕೈಗೆ ರೂಢಿಯಾಯಿತು.

ಮೂರನೆಯದಕ್ಕೆ ತಂತಿಯೇ ಇಲ್ಲ. ತಂಗಿಯ ಮಗಳ ಟ್ಯಾಬು.
ಕರೆದರೆ ಬರುತ್ತದೆ, ಸಾವಕಾಶ;
ಇಲ್ಲಿ ಕೈ ಆಡಿಸಿದರೆ ಅಲ್ಲಿ ಒಂದು ಉಸಿರು ತಡೆದು ಆಡುತ್ತದೆ.
ಅದನ್ನು ಹಿಡಿದು ನಡೆದು ನೋಡಿದೆ
ನನ್ನ ಮೇಜು ಎಲ್ಲಿಯವರೆಗೆ ಎಂದು.
ಬೇವಿನ ಮರದವರೆಗೆ ಚೊಕ್ಕ.
ಖಾಜಾಸಾಬನ ಚಹಾದ ಗಾಡಿಯ ಬಳಿ ಚೂರು ಚೂರು.
ಗೂಟಕ್ಕೆ ಕಟ್ಟಿದ ಆಡಿನ ಹತ್ತಿರ ಕಪ್ಪು.
ಅಷ್ಟು ನನ್ನದು. ಉತಾರೆ ಇಲ್ಲದ ಆಸ್ತಿ.

ಭಾಗವ್ವ ಮುಗಳಿ ಬಂದದ್ದು ಮೂರೂ ಉರಿಯುತ್ತಿದ್ದ ದಿನ.
ನಾಲ್ಕನೆಯ ಇಯತ್ತೆ, ಕನ್ನಡ ಶಾಲೆ;
ಮರಾಠಿ ಆಡುತ್ತಾಳೆ, ಓದಲಾರಳು.
ಎಡಕ್ಕೆ ಸಾತ್‌ಬಾರಾ ತೆರೆದೆ, ನಡುವಿನದರಲ್ಲಿ ಖಾಲಿ ಹಾಳೆ,
ಅಲ್ಲಿಂದ ಓದಿ ಇಲ್ಲಿ ಬರೆಯುತ್ತ ಹೋದೆ:
ಗಟ್ ನಂಬರು, ಎರಡು ಹೆಕ್ಟೇರಿಗೆ ತುಸು ಕಡಿಮೆ, ಬಾವಿ ಒಂದು,
ಹಕ್ಕುದಾರರು ಭಾಗುಬಾಯಿ ಚನಮಲ.

‘ಈಕಿ ಯಾರವ್ವ?’
‘ನೀವೇ ಅದೀರಲ್ರಿ.’
‘ನಾ ಬಾಯಿ ಯಾವಾಗ ಆದೆ? ನಮ್ಮಪ್ಪ ಚನಮಲ್ಲಪ್ಪ.
ಅವನ ಹೆಸರಾಗಿನ ಅಪ್ಪನ್ನ, ನನ್ನ ಹೆಸರಾಗಿನ ಅವ್ವನ್ನ
ತಗದು ಯಾವ ಹಗೇವಿನಾಗ ಹಾಕ್ಯಾನ ತಲಾಠಿ?’
ನಾನು ನಕ್ಕೆ. ಆಕೆ ನಗಲಿಲ್ಲ.
‘ಖರೇ ಹೆಸರು ಬರಿ,’ ಅಂದಳು. ‘ದೊಡ್ಡದಾಗಿ ಬರಿ.’

ಕರೆಂಟು ಹೋಯಿತು.

ಲ್ಯಾಪ್‌ಟಾಪಿಗೆ ಬ್ಯಾಟರಿ ಇತ್ತು, ಟ್ಯಾಬಿಗೂ.
ಟವೆಲ್ ಕಾರ್ಖಾನೆಯದು ಆರಿತು, ಹಾಳೆಯ ಸಮೇತ.
ಆರಿದ್ದು ಯಂತ್ರಕ್ಕೆ ಗೊತ್ತಿಲ್ಲ,
ಹಳೆಯ ತಂತಿ, ಚಾಡಿ ಹೇಳುವುದಿಲ್ಲ.
ಅದರ ಲೆಕ್ಕದಲ್ಲಿ ಹಾಳೆ ಅಲ್ಲೇ ತೆರೆದಿದೆ,
ನಿಂತ ಗೆರೆ ಮಿಣುಕುತ್ತ ಕಾಯುತ್ತಿದೆ.

ಕತ್ತಲೆಯ ಮೇಲೇ ಬರೆದೆ.
ಟ್ಯಾಬನ್ನು ಆಕೆಯ ಕೈಗೆ ಕೊಟ್ಟೆ,
ಬಾಗಿಲ ಬೆಳಕಿಗೆ ಹೋಗಿ ನಿಂತಳು.
ಬಾಣವನ್ನು ತಳ್ಳಿದೆ. ಹೊಸ್ತಿಲು. ಎಡವಿತು, ಏರಿತು,
ಕಪ್ಪಿನೊಳಗೆ ಮುಳುಗಿತು.
ಅಂದಾಜಿನ ಮೇಲೆ ಹಾಳೆಯ ನೆತ್ತಿ ಹಿಡಿದು
ಬಲಕ್ಕೆ ಎಳೆದೆ. ಸಿಕ್ಕಿತೋ ಇಲ್ಲವೋ.
ಮತ್ತೆ ಎಳೆದೆ.

‘ಬಂತೇನ್ರಿ?’
‘ಏನಿಲ್ಲ. ತಡಿ. ಬಿಳೇದು ಬರ್ಲಿಕತ್ತದ.’

ಎಡದಿಂದ ಬರುವ ಹಾಳೆಗೆ ಬಲದಂಚೇ ಮುಂದು,
ಹೆಸರಿಗೆ ಬಾಲವೇ ಮೊದಲು.
ಆಕೆ ಶಾಲೆಯಲ್ಲಿ ನಿಂತು ಓದುವ ಹಾಗೆ
ಒಂದೊಂದೇ ಅಕ್ಷರ, ಗಟ್ಟಿಯಾಗಿ:

‘ವ್ವ’

ಒಂದು ಉಸಿರು ತಡೆದು

‘ಗ’

ಖಾಜಾಸಾಬ ಲೋಟ ತೊಳೆಯುವುದನ್ನು ನಿಲ್ಲಿಸಿ ಇತ್ತ ನೋಡಿದ.
ಇನ್ನೊಂದು ಅಕ್ಷರ ಕತ್ತಲೆಯಲ್ಲೇ ಇತ್ತು.
ಎಳೆಯುತ್ತಲೇ ಇದ್ದೆ.